ಅಂತರಗಂಗೆ: ತೆಗೆದ ಕೆರೆಗೆ ಮತ್ತೆ ಬರುವುದೇಕೆ?

ಕೆರೆಯಲ್ಲಿದ್ದ ಅಂತರಗಂಗೆಯಲ್ಲಿ (ನೀರಿನ ಮೇಲೆ ತೇಲುವ ಕಳೆ, ವಾಟರ್ ಹಯಾಸಿಂತ್) ನೂರಕ್ಕೆ ತೊಂಬತ್ತೆಂಟು ಪಾಲು ತೆಗೆದು ಎರಡು ಪಾಲು ಬಿಟ್ಟಿದ್ದೇವೆ ಎಂದುಕೊಳ್ಳಿ. ಬೆಚ್ಚನೆಯ, ಸಾರ ತುಂಬಿದ ನೀರಿನಲ್ಲಿ ಈ ಗಿಡ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಮೂರು ತಿಂಗಳು ತುಂಬುವಷ್ಟರಲ್ಲಿ ಕೆರೆಯಿಡೀ ಮತ್ತೆ ಹಸಿರು. ಜೆಸಿಬಿ ಬಂದು ಹೋದ ಕೆರೆ ಮರುವರ್ಷವೂ ಹಾಗೇ ಕಾಣುವುದಕ್ಕೆ ಮೊದಲ ಕಾರಣ ಈ ಲೆಕ್ಕ.

ಇದು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಯ ಗಿಡ. ನೇರಳೆ ಹೂವಿನ ಚೆಂದಕ್ಕೆ ಮನಸೋತವರು ದೇಶದೇಶದ ಉದ್ಯಾನಗಳಿಗೆ ಒಯ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೂ ಬಂತು. ಅಲ್ಲಿನ ಹೊಳೆ, ಕಾಲುವೆ, ಭತ್ತದ ಗದ್ದೆಗಳನ್ನು ಕಟ್ಟಿಹಾಕಿದಾಗ 1936ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂತು. ತನ್ನ ಜಾಗದಲ್ಲಿ ಬೆಳೆದದ್ದನ್ನು ಜಮೀನಿನವನೇ ಕೀಳಬೇಕೆಂದು ಕಾಯ್ದೆ ಹೇಳಿತು. ಆದರೂ ಗಿಡ ಹೋಗಲಿಲ್ಲ. ತವರಿನಲ್ಲಿ ಇದನ್ನು ತಿಂದು ಹತೋಟಿಯಲ್ಲಿಡುತ್ತಿದ್ದ ಹುಳುಗಳನ್ನು ಅಲ್ಲೇ ಬಿಟ್ಟು ಗಿಡವೊಂದನ್ನೇ ಇಲ್ಲಿಗೆ ತಂದಿದ್ದರು.

ಆ ಹುಳುಗಳೂ ಆಮೇಲೆ ಬಂದವು. 1980ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಮೂತಿಹುಳುವಿನ ಎರಡು ಜಾತಿಗಳನ್ನು ತರಿಸಿ, ನಮ್ಮ ಬೆಳೆಗಳಿಗೆ ಬಾಯಿ ಹಾಕುವುದಿಲ್ಲವೆಂದು ಪರೀಕ್ಷಿಸಿ ಕೆರೆಗಳಿಗೆ ಬಿಟ್ಟರು. ಸುಮಾರು 5 ಮಿ.ಮೀ. ಉದ್ದದ ಹುಳು ಎಲೆಯನ್ನು ಕೆರೆದು ತಿನ್ನುತ್ತದೆ. ಮರಿ ತೊಟ್ಟಿನೊಳಗೆ ಸುರಂಗ ಕೊರೆದು ಗಿಡದ ಸುಳಿಗೇ ಇಳಿಯುತ್ತದೆ. ಬೆಂಗಳೂರಿನ ಕೆಲವು ಕೆರೆಗಳಲ್ಲಿ ಮೂರು ನಾಲ್ಕು ವರ್ಷಗಳಲ್ಲಿ ಗಿಡ ಕುಸಿಯಿತು. ಬೆಂಗಳೂರಿನದೇ ಒಂದು ಕೊಳದಲ್ಲಿ ತೇಲುವ ಜರೀಗಿಡ ಸಾಲ್ವೀನಿಯಾವನ್ನು ಬೇರೊಂದು ಮೂತಿಹುಳು ವರ್ಷದೊಳಗೇ ಮುಗಿಸಿತು. ಒಂದರ ಹುಳು ಇನ್ನೊಂದನ್ನು ತಿನ್ನುವುದಿಲ್ಲ. ಹುಳು ತರಿಸುವ ಮುನ್ನ ಕೆರೆಯಲ್ಲಿರುವುದು ಯಾವ ಗಿಡವೆಂದು ಖಚಿತಪಡಿಸಿಕೊಳ್ಳಬೇಕು.

ಅದೇ ಹುಳು ನಮ್ಮ ಕಡೆ ಯಾಕೆ ಸೋಲುತ್ತದೆ? ಅರಸೀಕೆರೆ, ಕಡೂರು ಕಡೆಯ ಎಷ್ಟೋ ಕೆರೆಗಳು ಬೇಸಿಗೆಯಲ್ಲಿ ಬತ್ತುತ್ತವೆ. ಗಿಡ ಸತ್ತಾಗ ಹುಳುವೂ ಸಾಯುತ್ತದೆ, ಬೀಜ ಮಾತ್ರ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ನೀರು ನಿಲ್ಲುವ ಊರೊಳಗಿನ ಕೆರೆಗಳದ್ದು ಬೇರೆಯೇ ತೊಂದರೆ: ಚರಂಡಿಯ ಸಾರ ಉಂಡ ಗಿಡ, ಹುಳು ತಿನ್ನುವುದಕ್ಕಿಂತ ಬೇಗ ಚಿಗುರುತ್ತದೆ. ನಡುವೆ ಯಂತ್ರ ಇಳಿಸಿದರೆ ಗಿಡದ ಜೊತೆ ಹುಳುವೂ ದಡ ಸೇರುತ್ತದೆ.

ಆದ್ದರಿಂದ ಮೊದಲು ನೋಡಬೇಕಾದ್ದು ಕೆರೆಗೆ ಏನು ಬಂದು ಸೇರುತ್ತಿದೆ ಎಂಬುದನ್ನು. ಮಲೆನಾಡಿನ ಅಂಚಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡಿದ ನೀರು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಕೆರೆಗೇ ಬರುತ್ತದೆ. ಶುಂಠಿ, ಆಲೂಗಡ್ಡೆ ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಒಂದು ಪಾಲನ್ನು ಮುಂಗಾರು ತೊಳೆದು ತರುತ್ತದೆ. ಹಾಸನದ ಹುಣಸಿನಕೆರೆ, ಚಿಕ್ಕಮಗಳೂರಿನ ಬಸವನಹಳ್ಳಿ ಕೆರೆಯಂಥವುಗಳ ಸುತ್ತ ಊರೇ ಬೆಳೆದಿದೆ. ಒಳಹರಿವಿನ ಚರಂಡಿ ತಿರುಗಿಸದೆ ಅಂತರಗಂಗೆ ತೆಗೆಸುವುದು, ನಮ್ಮ ಅಭಿಪ್ರಾಯದಲ್ಲಿ, ಹಣವನ್ನು ನೀರಿಗೆ ಹಾಕಿದಂತೆ.

ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಹಾಸಿನ ಕೆಳಗೆ ಬೆಳಕಿಲ್ಲ. ಉದುರಿದ ಎಲೆ ಕೊಳೆಯುತ್ತ ನೀರಿನ ಆಮ್ಲಜನಕ ಹೀರುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಮಿಂಚುಳ್ಳಿಗೆ, ನೀರುಕಾಗೆಗೆ ಮುಳುಗಲು ತೆರೆದ ನೀರೇ ಸಿಗುವುದಿಲ್ಲ. ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಬೇರಿಗೇ ಕಚ್ಚಿಕೊಂಡು ಉಸಿರಾಡುತ್ತದೆ. ತೂಬು ಕಟ್ಟಿಕೊಂಡರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟದು.

ತೆಗೆಯುವುದಕ್ಕೆ ಒಳ್ಳೆಯ ಕಾಲ ಮಾರ್ಚ್‌ನಿಂದ ಮೇ, ನೀರು ಕುಗ್ಗಿ ಹೂ ಬೀಜವಾಗುವ ಮೊದಲು. ದಟ್ಟವಾಗಿ ಬೆಳೆದ ಒಂದು ಎಕರೆಯಲ್ಲಿ 120ರಿಂದ 160 ಟನ್ ಹಸಿಗಿಡ ಇರಬಹುದು. 3 ಟನ್ ಹೇರುವ ಟ್ರಾಕ್ಟರಿಗೆ ಅದು ನಲವತ್ತು ಐವತ್ತು ಲೋಡು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬರೀ ನೀರು. ಕಿತ್ತದ್ದನ್ನು ಕೋಡಿ ಮಟ್ಟಕ್ಕಿಂತ ಮೇಲೆ, ದಡದಿಂದ ದೂರ ರಾಶಿ ಹಾಕಿ ನಾಲ್ಕೈದು ದಿನ ಬಾಡಿಸಿದರೆ ಸಾಗಣೆ ಖರ್ಚು ಬಹಳ ಇಳಿಯುತ್ತದೆ. ಏರಿಯ ಬುಡದಲ್ಲೇ ಸುರಿದರೆ ಮೊದಲ ಮಳೆಗೆ ಮತ್ತೆ ನೀರಿನಲ್ಲಿರುತ್ತದೆ.

ಕೆಲಸಕ್ಕೆ ಗಾಳಿಯನ್ನು ಬಳಸಿಕೊಳ್ಳಿ. ಗಾಳಿ ಗಿಡಗಳನ್ನು ಒಂದು ಮಗ್ಗುಲಿಗೆ ತಳ್ಳಿದಾಗ ಖಾಲಿ ಡ್ರಮ್ ಕಟ್ಟಿದ ಹಗ್ಗ ಎಳೆದು ಅಲ್ಲೇ ತಡೆದು, ಆ ದಡದಿಂದ ಎತ್ತಬೇಕು. ಏರಿಯ ಕಲ್ಲುಕಟ್ಟಿನ ಮೇಲೆ ಯಂತ್ರ ನಿಲ್ಲಿಸಬಾರದು. ಕಲ್ಲು ಕದಲಿದರೆ ಮಳೆಗಾಲದಲ್ಲಿ ಏರಿಯೇ ಸೋರುತ್ತದೆ. ಗಿಡವನ್ನು ನೀರಿನಲ್ಲೇ ಕೊಚ್ಚಿ ಬಿಡುವುದೂ ಬೇಡ, ಸುಳಿಯುಳ್ಳ ತುಂಡು ಮತ್ತೆ ಗಿಡವಾಗುತ್ತದೆ. ಕೋಡಿಯ ಮೇಲೆ ತಳ್ಳಿದರೆ ಸರಪಳಿಯ ಮುಂದಿನ ಕೆರೆಗೆ ಅದೇ ಬೀಜ ಬಿತ್ತಿದಂತೆ. ಕೋಡಿಗೆ ಬಲೆ ಕಟ್ಟಿ ದಿನಕ್ಕೊಮ್ಮೆ ಬಿಡಿಸಬೇಕು. ಕಳೆನಾಶಕ ಹೊಡೆದರೆ ಸತ್ತ ರಾಶಿಯೆಲ್ಲ ಒಮ್ಮೆಗೇ ಮುಳುಗಿ ಕೊಳೆತು ಮೀನನ್ನು ಕೊಲ್ಲುತ್ತದೆ, ಆ ನೀರೇ ಗದ್ದೆಗೂ ಹೋಗುತ್ತದೆ.

ಬಾಡಿದ ಗಿಡವನ್ನು ಸಗಣಿಯೊಂದಿಗೆ ಪದರ ಪದರವಾಗಿ ಹಾಕಿದರೆ ಕಾಂಪೋಸ್ಟ್ ಆಗುತ್ತದೆ, ಆದರೆ ರಾಶಿ ಚೆನ್ನಾಗಿ ಕಾಯದಿದ್ದರೆ ಬೀಜ ಸಾಯುವುದಿಲ್ಲ. ಚರಂಡಿ ನೀರು ಸೇರುವ ಕೆರೆಯ ಗಿಡದ ಬೇರು ಸೀಸ, ಕ್ಯಾಡ್ಮಿಯಂನಂಥ ಲೋಹ ಹೀರಿರಬಹುದು. ಪರೀಕ್ಷೆ ಮಾಡಿಸದೆ ತರಕಾರಿಗೆ ಹಾಕಬಾರದು.

ಕೆರೆಯ ಗಿಡ ಖಾಲಿಯಾದ ಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ ತೆಪ್ಪದಲ್ಲಿ ಇಬ್ಬರು ಅಂಚು ಸುತ್ತಿ, ಜೊಂಡಿನ ಸಂದಿನಲ್ಲಿ ಉಳಿದದ್ದನ್ನು ಕೈಯಿಂದ ಕೀಳಬೇಕು. ನೀರು ಹಿಂದೆ ಸರಿದಾಗ ಬಿಸಿಲು ಬಿದ್ದ ಕೆಸರಿನಲ್ಲಿ ಸಸಿಗಳು ಮೂಡುತ್ತವೆ. ಅವನ್ನು ಆಗಲೇ ಒಣಗಿಸುವುದು ಸುಲಭ. ಗುತ್ತಿಗೆಯ ಬಿಲ್ಲನ್ನು ತೆರವಾದ ದಿನದ ಅಳತೆ ನೋಡಿ ಪೂರ್ತಿ ಪಾವತಿಸಿದರೆ ಈ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಗ್ರಾಮ ಪಂಚಾಯಿತಿಯಾಗಲಿ ನಗರದ ಆಡಳಿತವಾಗಲಿ ಹಣದ ಒಂದು ಪಾಲನ್ನು ತಡೆಹಿಡಿದು, ಒಂದು ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಕೆರೆ ನೋಡಿಯೇ ಕೊಡುವ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು.