ಪವರ್ ಬ್ಯಾಂಕನ್ನು ದೊಡ್ಡ ಸೂಟ್‌ಕೇಸಿಗೆ ಯಾಕೆ ಹಾಕಬಾರದು?

ಪ್ರಶ್ನೆ: ಬಜ್ಪೆಯಲ್ಲಿ ಚೆಕ್-ಇನ್ ಮಾಡುವಾಗ ಪವರ್ ಬ್ಯಾಂಕ್ ಇದ್ದರೆ ತೆಗೆದು ಕೈಚೀಲಕ್ಕೆ ಹಾಕಿ ಅಂತಾರೆ. ಬೆಂಕಿ ಹಿಡಿಯುವ ವಸ್ತು ಅಂತಾದರೆ ಅದು ಜನರಿಂದ ದೂರ, ಕೆಳಗೆ ಲಗೇಜಿನ ಜೊತೆ ಇರುವುದೇ ಒಳ್ಳೆಯದಲ್ವಾ?

ಉತ್ತರ: ದುಬೈ, ದಮ್ಮಾಮ್ ಅಂತ ಹೋಗಿಬರುವವರು ಮಂಗಳೂರು, ಉಡುಪಿ ಕಡೆ ತುಂಬಾ ಜನ, ಹಾಗಾಗಿ ಈ ಪ್ರಶ್ನೆಯೂ ಪದೇ ಪದೇ ಬರುತ್ತದೆ. ಕೇಳುವುದರಲ್ಲಿ ನ್ಯಾಯ ಇದೆ. ಆದರೆ ಅದು ನಿಮ್ಮ ಹತ್ತಿರ ಇದ್ದರೇ ಸುರಕ್ಷಿತ.

ಕೆಳಗಿನ ಲಗೇಜ್ ಜಾಗದಲ್ಲಿ ಹೊಗೆ ಪತ್ತೆ ಮಾಡುವ ಸೆನ್ಸರ್ ಇರುತ್ತದೆ. ಅದು ಎಚ್ಚರಿಸಿದರೆ ಪೈಲಟ್ ಸ್ವಿಚ್ ಒತ್ತುತ್ತಾರೆ, ಹ್ಯಾಲಾನ್ ಅನ್ನುವ ಗ್ಯಾಸ್ ಮೊದಲು ಜೋರಾಗಿ, ಆಮೇಲೆ ವಿಮಾನ ಇಳಿಯುವ ತನಕ ಸ್ವಲ್ಪ ಸ್ವಲ್ಪವೇ ಒಳಗೆ ಬರುತ್ತದೆ. ಹಿಂದೆ ಕೆಲವು ವಿಮಾನಗಳಲ್ಲಿ ಇದು ಇರಲಿಲ್ಲ. ಆ ಜಾಗವನ್ನು ಗಾಳಿಯಾಡದ ಹಾಗೆ ಮುಚ್ಚಿದರೆ ಸಾಕು, ಆಮ್ಲಜನಕ ಮುಗಿದು ಬೆಂಕಿ ತಾನಾಗಿ ಆರುತ್ತದೆ ಎಂದು ನಂಬಿದ್ದರು. 1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ 592 ಆ ನಂಬಿಕೆಯನ್ನು ಮುರಿಯಿತು. ಅದರಲ್ಲಿ ತುಂಬಿದ್ದೇ ಆಮ್ಲಜನಕ ಉತ್ಪಾದಿಸುವ ಡಬ್ಬಗಳು, ಬೆಂಕಿಗೆ ಹೊರಗಿನ ಗಾಳಿಯೇ ಬೇಕಾಗಲಿಲ್ಲ. ವಿಮಾನದಲ್ಲಿದ್ದ 110 ಜನರೂ ಸತ್ತರು. ಅಮೆರಿಕ ಆಮೇಲೆ, 1998ರಲ್ಲಿ, ಅಂಥ ವಿಮಾನಗಳಿಗೆಲ್ಲ ಸೆನ್ಸರ್ ಮತ್ತು ಬೆಂಕಿ ಆರಿಸುವ ವ್ಯವಸ್ಥೆ ಹಾಕಿಸಲೇಬೇಕು ಎಂದು ನಿಯಮ ತಂದಿತು. ಅಷ್ಟು ಜೀವ ಹೋಗುವ ಮೊದಲೇ ಆಗಬೇಕಿದ್ದ ಕೆಲಸ ಅದು.

ಈಗ ಹ್ಯಾಲಾನ್ ಇದೆಯಲ್ಲ, ಸಾಲದಾ? ಬಟ್ಟೆಗೋ ರಟ್ಟಿಗೋ ಹಿಡಿದ ಬೆಂಕಿಗೆ ಸಾಕು. ಪವರ್ ಬ್ಯಾಂಕಿನೊಳಗಿರುವ ಲಿಥಿಯಂ ಬ್ಯಾಟರಿಗೆ ಸಾಲದು. ಹ್ಯಾಲಾನ್ ಉರಿಯನ್ನು ಆರಿಸುತ್ತದೆ, ಬ್ಯಾಟರಿಯೊಳಗಿನ ಬಿಸಿಯನ್ನು ಇಳಿಸುವುದಿಲ್ಲ. ಒಂದು ಸೆಲ್ ಕೆಟ್ಟು ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು, ಹೀಗೆ ಸಾಲಾಗಿ, ಜೊತೆಗೆ ಸುಲಭವಾಗಿ ಹೊತ್ತಿಕೊಳ್ಳುವ ಅನಿಲವೂ ಹೊರಬರುತ್ತದೆ. ನಮ್ಮವರ ಸೂಟ್‌ಕೇಸುಗಳನ್ನು ನೆನೆದರೆ ನನಗೆ ಜಾಸ್ತಿ ಭಯವಾಗುವುದು ಬಾಡಿ ಸ್ಪ್ರೇ ವಿಷಯದಲ್ಲಿ. ಗಲ್ಫಿನಿಂದ ಬರುವಾಗ ಅದಿಲ್ಲದ ಪೆಟ್ಟಿಗೆ ಉಂಟಾ? ಅಮೆರಿಕದ ವಿಮಾನಯಾನ ಇಲಾಖೆ 2017ರಲ್ಲಿ ಸೂಟ್‌ಕೇಸಿನೊಳಗೆ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಬೇಕಂತಲೇ ಕಾಯಿಸಿ ನೋಡಿತ್ತು. ಪಕ್ಕದಲ್ಲಿ ಸ್ಪ್ರೇ ಡಬ್ಬ ಇಟ್ಟಾಗ, ಹ್ಯಾಲಾನ್ ಕೆಲಸ ಮಾಡುವಷ್ಟು ಹೊತ್ತೂ ಸಿಗದೆ ಅದು ಸಿಡಿಯಿತು.

ಮೇಲೆ ಕ್ಯಾಬಿನ್‌ನಲ್ಲಾದರೆ ಹೊಗೆ ಶುರುವಾಗುವಾಗಲೇ ಯಾರಾದರೂ ನೋಡುತ್ತಾರೆ. ಸಿಬ್ಬಂದಿ ಮೊದಲು ಉರಿ ಆರಿಸಿ, ಆಮೇಲೆ ನೀರು ಸುರಿಯುತ್ತಲೇ ಇರುತ್ತಾರೆ. ಬ್ಯಾಟರಿಯನ್ನು ತಣ್ಣಗೆ ಮಾಡುವುದು ನೀರೇ. ಕೆಳಗೆ ಹೋಗಿ ಸುರಿಯಲು ದಾರಿ ಇಲ್ಲ.

ತಲೆ ಮೇಲಿನ ಲಾಕರಿನಲ್ಲೂ ಇಡಬೇಡಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನದ ಲಾಕರಿನಲ್ಲಿ ಬೆಂಕಿ ಹತ್ತಿ, ಚಾವಣಿಯೇ ಸುಟ್ಟುಹೋಯಿತು. ಪವರ್ ಬ್ಯಾಂಕೇ ಕಾರಣ ಇರಬಹುದು ಎಂದು ತನಿಖೆ ಹೇಳಿತು. ನೆಲದ ಮೇಲಿದ್ದ ಕಾರಣ ಎಲ್ಲರೂ ಬದುಕಿದರು.

ಇನ್ನೊಂದು ವಿಷಯ. ವಿಮಾನ ತುಂಬಿದೆ ಅಂತ ಹತ್ತುವ ಬಾಗಿಲಲ್ಲಿ ನಿಮ್ಮ ಕೈಚೀಲವನ್ನೇ ಕೆಳಗೆ ಹಾಕಲು ಕೇಳುವುದುಂಟು. ಆಗ ಗಡಿಬಿಡಿಯಲ್ಲಿ ಸುಮ್ನೆ ಕೊಟ್ಟುಬಿಡಬೇಡಿ, ಪವರ್ ಬ್ಯಾಂಕ್ ತೆಗೆದಿಟ್ಟುಕೊಳ್ಳಿ. ಮೊಬೈಲ್ ಸೀಟಿನ ಸಂದಿಗೆ ಬಿದ್ದರೆ ಸೀಟು ಹಿಂದೆ ಮುಂದೆ ಮಾಡಬೇಡಿ, ಜಜ್ಜಿಹೋದ ಬ್ಯಾಟರಿಯೂ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ.