ಒಮ್ಮೆ ಬರೆಸಿಕೊಂಡ ಸಾಕ್ಷಿಯನ್ನು ವಿಚಾರಣೆಗೆ ಮತ್ತೆ ಯಾಕೆ ಕರೆಸಬೇಕು?

ನೌಕರನ ಮೇಲೆ ನಡೆಯುವ ಶಿಸ್ತು ವಿಚಾರಣೆಯ ದೂರು, ನೋಟಿಸು, ವಿಚಾರಣಾಧಿಕಾರಿಯ ನೇಮಕ ಎಲ್ಲ ಪಠ್ಯದಲ್ಲಿ ಸಾಲಾಗಿ ಇವೆ, ಓದಿದರೆ ತಲೆಗೆ ಹತ್ತುತ್ತವೆ. ಹತ್ತದೆ ಕಾಡಿಸಿದ್ದು ಒಂದೇ: ಪ್ರಾಥಮಿಕ ತನಿಖೆಯಲ್ಲಿ ಸಾಕ್ಷಿ ಸಹಿ ಮಾಡಿಕೊಟ್ಟ ಹೇಳಿಕೆ ಫೈಲಿನಲ್ಲೇ ಇರುವಾಗ, ಅದೇ ಮನುಷ್ಯನನ್ನು ವಿಚಾರಣೆಗೆ ಇನ್ನೊಮ್ಮೆ ಕರೆಸೋದು ಯಾಕೆ? ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಹೋಗುತ್ತದೆ.

ಬೆಳಗಾವಿ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಅಂತ ಇಟ್ಟುಕೊಳ್ಳಿ. ಎರಡನೇ ಪಾಳಿ ಬಿಡುವ ಹೊತ್ತಿಗೆ ಮೋಲ್ಡರ್‌ಗೂ ಸೂಪರ್‌ವೈಜರ್‌ಗೂ ಜಗಳ. ಮೋಲ್ಡರ್ ಕಾಲರ್ ಹಿಡಿದ ಅಂತ ದೂರು. ಮರುದಿನ ಎಚ್‌ಆರ್‌ನವರು ಹೆಲ್ಪರ್, ಕ್ರೇನ್ ಆಪರೇಟರ್, ಕ್ಯಾಂಟೀನಿನವ ಮೂವರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿ ಬರೆದುಕೊಳ್ಳುತ್ತಾರೆ. ಆಗ ಮೋಲ್ಡರ್ ಎದುರಿಗೆ ಇರಬೇಕಿಲ್ಲ. ಅಲ್ಲಿ ಯಾರ ತಪ್ಪೂ ತೀರ್ಮಾನವಾಗುವುದಿಲ್ಲ, ಆರೋಪ ಪಟ್ಟಿ ಕೊಡುವಷ್ಟು ಹುರುಳಿದೆಯೇ ಅಂತ ನೋಡುವುದಷ್ಟೇ.

ಆರೋಪ ಪಟ್ಟಿ ಕೊಟ್ಟ ಮೇಲೆ ನಡೆಯುವುದು ಬೇರೆ. ಅಲ್ಲಿ ಅವನ ನೌಕರಿಯೇ ಹೋಗಬಹುದು. 1963ರ ಸುರ್ ಎನಾಮೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಅಂಶ ಹೇಳಿತು: ಆರೋಪವೇನೆಂದು ನೌಕರನಿಗೆ ಸ್ಪಷ್ಟವಾಗಿ ತಿಳಿಸಿರಬೇಕು, ಸಾಕ್ಷಿಗಳನ್ನು ಸಾಮಾನ್ಯವಾಗಿ ಅವನ ಎದುರಿಗೇ ವಿಚಾರಿಸಬೇಕು, ಪಾಟಿ ಸವಾಲಿಗೆ (ಆ ಸಾಕ್ಷಿಗಳನ್ನು ಅವನು ಪ್ರಶ್ನಿಸುವುದಕ್ಕೆ) ಅವಕಾಶ ಬೇಕು, ತನ್ನ ಸಾಕ್ಷಿಗಳನ್ನು ಕರೆಸಲು ಬಿಡಬೇಕು, ವರದಿಯಲ್ಲಿ ಕಾರಣ ಸಹಿತ ತೀರ್ಮಾನ ಇರಬೇಕು. ಎರಡನೆಯದು, ಮೂರನೆಯದು ನಮ್ಮ ಪ್ರಶ್ನೆಗೆ ಉತ್ತರ. ಕಾಗದಕ್ಕೆ ಪಾಟಿ ಸವಾಲು ಹಾಕಲು ಬರುವುದಿಲ್ಲ. ಕ್ರೇನ್ ಮೇಲೆ ಕೂತವನಿಗೆ ಕೆಳಗಿನ ಕಾಲರ್ ಕಾಣುತ್ತಿತ್ತೇ ಅಂತ ಮೋಲ್ಡರ್ ಕೇಳಬೇಕೆಂದರೆ ಕ್ರೇನ್ ಆಪರೇಟರ್ ಎದುರಿಗೇ ಕೂತಿರಬೇಕು.

ಹಾಗಾದರೆ ಹಳೆಯ ಹೇಳಿಕೆ ರದ್ದಿಗೆ ಹಾಕಬೇಕೇ? ಇಲ್ಲ. ಸ್ಟೇಟ್ ಆಫ್ ಮೈಸೂರ್ ವಿರುದ್ಧ ಮಕಾಪುರ ಪ್ರಕರಣ (ಎಐಆರ್ ಎಂಬ ತೀರ್ಪು ಸಂಗ್ರಹದ 1963ರ ಸಂಪುಟ, ಒಬ್ಬ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಮೇಲಿನ ಇಲಾಖಾ ವಿಚಾರಣೆ) ಇದನ್ನು ಬಿಡಿಸಿ ಹೇಳುತ್ತದೆ. ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಿಕೆಯ ಪ್ರತಿ ನೌಕರನಿಗೆ ಮೊದಲೇ ಸಿಕ್ಕಿರಬೇಕು, ಸಾಕ್ಷಿ ಹಾಜರಾಗಿ "ಹೌದು, ಇದು ನಾ ಹೇಳಿದ್ದ" ಅನ್ನಬೇಕು, ಆಮೇಲೆ ಪಾಟಿ ಸವಾಲು. ಪ್ರತಿ, ಹಾಜರಿ, ಸವಾಲು: ನಾನು ನೆನಪಿಟ್ಟುಕೊಳ್ಳುವುದು ಹೀಗೆ. ಮೂರರಲ್ಲಿ ಒಂದು ತಪ್ಪಿದರೂ ಆ ಹೇಳಿಕೆಯ ಮೇಲೆ ತೀರ್ಮಾನ ನಿಲ್ಲಿಸುವುದು ಕಷ್ಟ.

ಇಲ್ಲೇ ಇನ್ನೊಂದು ತೊಡಕು. 1977ರ ರತ್ತನ್ ಸಿಂಗ್ ಪ್ರಕರಣದಲ್ಲಿ ಬಸ್ ಕಂಡಕ್ಟರ್ ಮೇಲೆ ಆರೋಪವಿತ್ತು, ಪ್ರಯಾಣಿಕರನ್ನು ವಿಚಾರಿಸಿರಲೇ ಇಲ್ಲ. ಆದರೂ ಕೋರ್ಟ್ ವಜಾ ಎತ್ತಿಹಿಡಿಯಿತು. ಸುರ್ ಎನಾಮೆಲ್‌ಗೆ ಇದು ಎದುರಾಗಿ ಕಂಡರೂ ಎದುರಲ್ಲ. ಬಸ್ ತಪಾಸಣೆ ಮಾಡಿದ ಇನ್ಸ್‌ಪೆಕ್ಟರ್ ಬಂದು ಸಾಕ್ಷ್ಯ ಹೇಳಿದ್ದ, ಅವನಿಗೆ ಸವಾಲು ಹಾಕಬಹುದಿತ್ತು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಬಿಗಿ ನಿಯಮ ಅನ್ವಯಿಸುವುದಿಲ್ಲ, ಇನ್ನೊಬ್ಬರಿಂದ ಕೇಳಿದ ಮಾತಿಗೂ ಜಾಗ ಉಂಟು, ಆದರೆ ನಂಬಲರ್ಹವಾದದ್ದು ಒಂದಿಷ್ಟಾದರೂ ಇರಲೇಬೇಕು.

ಕೇಳಿದ್ದು ಯಾವುದು, ಕಂಡದ್ದು ಯಾವುದು ಅನ್ನುವುದು ಮೊದಲ ದಿನದ ಬರವಣಿಗೆಯಲ್ಲೇ ಹಾಳಾಗುವುದು ಹೆಚ್ಚು. ಹೆಲ್ಪರ್ "ಕಾಲರ್ ಹಿಡದನಂತ್ರಿ" ಅನ್ನುತ್ತಾನೆ, ಟೈಪಾಗುವಾಗ ಅದು "ಕಾಲರ್ ಹಿಡಿದಿರುತ್ತಾನೆ" ಆಗುತ್ತದೆ. ಯಾರೋ ಹೇಳಿದ್ದನ್ನು ಅವನು ಹೇಳಿದ್ದ, ಈಗ ಅವನೇ ಕಣ್ಣಾರೆ ಕಂಡ ಸಾಕ್ಷಿ! ಕಚೇರಿ ಕನ್ನಡಕ್ಕೆ ತಿದ್ದದೆ ಅವನ ಮಾತಿನಲ್ಲೇ ಬರೆಯಿರಿ. ಅವನು ಮರಾಠಿಯಲ್ಲಿ ಹೇಳಿದರೆ (ಬೆಳಗಾವಿಯಲ್ಲಿ ಅದೇನು ಅಪರೂಪವಲ್ಲ) ಮರಾಠಿಯಲ್ಲೇ ಬರೆದು, ಓದಿ ಹೇಳಿ ಸಹಿ ತೆಗೆದುಕೊಳ್ಳಿ. ಜೊತೆಗೆ "ಆವಾಗ ನೀವ ಎಲ್ಲಿ ನಿಂತಿದ್ರಿ?" ಅಂತ ಕೇಳಿ ಉತ್ತರ ದಾಖಲಿಸಿ. ಅರ್ಧ ಪಾಟಿ ಸವಾಲು ಅಲ್ಲೇ ಮುಗಿದಿರುತ್ತದೆ.

ಪ್ರಶ್ನೆ ಹಾಕುವ ಬಗೆ: "ಅಂವ ಕಾಲರ್ ಹಿಡದನಲ್ಲ?" ಅಂದರೆ ಉತ್ತರ ನಾವೇ ಕೊಟ್ಟಂತೆ. "ಪಾಳಿ ಬಿಡೂ ಹೊತ್ತಿಗೆ ಏನಾತು, ನೋಡಿದ್ದ ಹೇಳ್ರಿ" ಅಂದು ಸುಮ್ಮನಿರುವುದು ವಾಸಿ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನದ ಸಂಶೋಧಕರು ಕಾರು ಅಪಘಾತದ ದೃಶ್ಯ ತೋರಿಸಿ ವೇಗ ಕೇಳಿದ್ದರು. ಕಾರುಗಳು "ತಾಗಿದಾಗ" ಅಂತ ಕೇಳಿಸಿಕೊಂಡವರಿಗಿಂತ "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು. ವಾರದ ನಂತರ, ದೃಶ್ಯದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವು ಅಂದವರೂ ಅವರಲ್ಲೇ ಹೆಚ್ಚು. ಬ್ರಿಟನ್ನಿನ ಪೊಲೀಸರು ಹೇಳಿಕೆ ಪಡೆಯಲು ಬಳಸುವ ಪೀಸ್ (PEACE) ಮಾದರಿಯೂ ಇದನ್ನೇ ಹೇಳುತ್ತದೆ: ಮೊದಲು ಅವರ ಮಾತು ಪೂರ್ತಿ ಆಗಲಿ, ಸ್ಪಷ್ಟನೆ ಆಮೇಲೆ.

ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯಿದೆ ಬೇರೆ: ಆಂತರಿಕ ಸಮಿತಿ, 3 ತಿಂಗಳೊಳಗೆ ದೂರು (ಕಾರಣವಿದ್ದರೆ ಇನ್ನೂ 3), 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ಸಮಿತಿ ಮುಂದೆ ವಕೀಲರಿಗೆ ಪ್ರವೇಶವಿಲ್ಲ. ದೂರುದಾರಳನ್ನು ಮುಖಾಮುಖಿ ಕೂರಿಸದೆ ಪ್ರಶ್ನೆಗಳನ್ನು ಬರೆಸಿಕೊಂಡು ಸಮಿತಿಯೇ ಕೇಳುವ ರೂಢಿ ಇದೆ. ಸವಾಲಿನ ಹಕ್ಕು ಉಳಿಯುತ್ತದೆ, ಎದುರು ಕೂರುವ ಹಿಂಸೆ ತಪ್ಪುತ್ತದೆ.

ವಿಚಾರಣೆ ಮಾಡಿದವರು ಬೇರೆ, ಶಿಕ್ಷೆ ಕೊಡುವವರು ಬೇರೆ ಆದಾಗ ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲೇ ನೌಕರನಿಗೆ ಕೊಡಬೇಕು (ಕರುಣಾಕರ್ ಪ್ರಕರಣ, 1993). ವರದಿ ಕೊಟ್ಟ ದಿನವೇ ವಜಾ ಆದೇಶವನ್ನೂ ಕೈಗಿಟ್ಟರೆ ಅದು ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಓದಿ ಉತ್ತರಿಸಲು ಅವನಿಗೆ ಸಮಯ ಸಿಗಬೇಕು.