ಮಂಗನ ಕಾಯಿಲೆ ಯಾವ ಇಲಾಖೆಗೆ ಸೇರಿದ್ದು?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರಿನವರಿಗೂ ಜ್ವರ ಬಂತು. ವೈರಸ್ ಬೇಗನೇ ಪತ್ತೆಯಾಯಿತು. ರಕ್ತ ಹೀರುವ ಸಣ್ಣ ಹುಳ ಉಣುಗು ಕಚ್ಚಿ ಹರಡುತ್ತದೆ ಅಂತಲೂ ಗೊತ್ತಾಯಿತು. ಆದರೂ ಮಲೆನಾಡಿನಲ್ಲಿ ಚಳಿಗಾಲ ಬರುತ್ತಿದ್ದಂತೆ ಇಂದಿಗೂ ಅದೇ ಭಯ. ಇಷ್ಟೆಲ್ಲ ಗೊತ್ತಿದ್ದೂ ಕಾಯಿಲೆ ಯಾಕೆ ಹೋಗಿಲ್ಲ?

ಇಂಥ ಗೋಜಲು ಬಿಡಿಸಲು ನನ್ನಂಥ ಡಿಸೈನರುಗಳು ಬಳಸುವ ಸಾಧನ ಗಿಗಾ ಮ್ಯಾಪ್. ನಾರ್ವೆಯ ಓಸ್ಲೋದಲ್ಲಿ ಬಿರ್ಗರ್ ಸೆವಾಲ್ಡ್‌ಸನ್ ಬೆಳೆಸಿದ ವಿಧಾನ ಇದು. ಗೋಡೆಯಷ್ಟು ದೊಡ್ಡ ಕಾಗದ ಹಾಸಿ, ಸಮಸ್ಯೆಗೆ ತಗಲುವ ಎಲ್ಲವನ್ನೂ ಬರೆದು, ಯಾವುದಕ್ಕೆ ಯಾವುದು ನಂಟು ಅಂತ ಗೆರೆ ಎಳೆಯುತ್ತಾ ಹೋಗುವುದು. ಡಾಕ್ಟರು, ಆಶಾ ಕಾರ್ಯಕರ್ತೆ, ಫಾರೆಸ್ಟ್ ಗಾರ್ಡ್, ಕಾಡಿನ ದರಗು (ಉದುರಿದ ಒಣ ಎಲೆ) ಗುಡಿಸುವ ಹೆಂಗಸು, ಎಲ್ಲರೂ ಒಂದೇ ಕಾಗದದ ಸುತ್ತ ಕೂರಬೇಕು. ಅಚ್ಚುಕಟ್ಟು ಮಾಡುವ ಆತುರ ಬೇಡ. ಬೇಗ ಸರಳ ಮಾಡಿದರೆ ಮುಖ್ಯವಾದದ್ದೇ ಕೈಬಿಟ್ಟು ಹೋಗುತ್ತದೆ.

ಉಣುಗಿನಿಂದ ಶುರು ಮಾಡೋಣ. ಮನುಷ್ಯರಿಗೂ ಮಂಗಗಳಿಗೂ ಜಾಸ್ತಿ ಕಚ್ಚುವುದು ಮರಿ ಉಣುಗು. ಬೆಳೆದ ಉಣುಗಿಗೆ ಬೇಕಿರುವುದು ದನದಂಥ ದೊಡ್ಡ ಪ್ರಾಣಿ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಅದಕ್ಕೇ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಆದರೆ ದನದ ರಕ್ತ ಕುಡಿದ ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ದನ ಕಾಡಿನಲ್ಲಿ ಮೇಯುತ್ತದೆ, ಸಂಜೆ ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಗೆ ಹಾಸಲು ದರಗು ಬೇಕು. ಅದು ಸಗಣಿಯೊಂದಿಗೆ ಕೊಳೆತು ಆಗುವ ಗೊಬ್ಬರ ಅಡಿಕೆ ತೋಟಕ್ಕೆ ಬೇಕು. ದರಗು ಸಿಗುವುದು ಎಲೆ ಉದುರುವ ಒಣಗಾಲದಲ್ಲಿ. ಮರಿ ಉಣುಗು ಹೆಚ್ಚುವುದೂ ಆಗಲೇ! ‘ಕಾಡಿಗೆ ಹೋಗಬೇಡಿ’ ಅಂತ ಬೋರ್ಡ್ ಹಾಕಿದರೆ ತೋಟದ ಗೊಬ್ಬರಕ್ಕೆ ಏನು ಮಾಡಬೇಕು? ಆ ಪ್ರಶ್ನೆಗೆ ಬೋರ್ಡಿನಲ್ಲಿ ಉತ್ತರ ಇರುವುದಿಲ್ಲ.

ಲಸಿಕೆಯದ್ದೂ ಒಂದು ಸುತ್ತು ಇತ್ತು. ಎರಡು ಡೋಸ್, ಆಮೇಲೆ ಮತ್ತೆ ಮತ್ತೆ ಬೂಸ್ಟರ್. ಚುಚ್ಚಿದ ಜಾಗ ನೋಯುತ್ತಿತ್ತು, ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತಿತ್ತು. ಹಾಗಾಗಿ ಎಷ್ಟೋ ಜನ ಮುಂದಿನ ಡೋಸ್ ಬಿಟ್ಟರು. ರಕ್ಷಣೆ ಕಮ್ಮಿಯಾಗಿ ಕೆಲವರಿಗೆ ಜ್ವರ ಬಂದಾಗ, ಲಸಿಕೆಯಿಂದ ಪ್ರಯೋಜನವಿಲ್ಲ ಅಂತ ಉಳಿದವರೂ ಹಿಂಜರಿದರು. ಜನರಿಗೆ ತಿಳುವಳಿಕೆ ಇಲ್ಲ ಅಂತ ದೂರುವುದು ಅನ್ಯಾಯ. ಆ ಹಳೆಯ ಲಸಿಕೆ ಈಗ ನಿಂತಿದೆ. ಹೊಸದು ಬಂದರೂ ಈ ಸುತ್ತು ಮುರಿಯದೆ ಉಪಯೋಗವಿಲ್ಲ.

ಮ್ಯಾಪಿನ ಕೆಳಗೆ ತಿಂಗಳುಗಳನ್ನು ಬರೆದಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಬೆಳೆದ ಉಣುಗು ದನಕ್ಕೆ ಹತ್ತುವುದು ಜಾಸ್ತಿ ಮಳೆಗಾಲದಲ್ಲಿ. ನಮ್ಮ ಎಚ್ಚರಿಕೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಸಭೆ ಎಲ್ಲ ಜೋರಾಗುವುದು ಡಿಸೆಂಬರ್ ಹೊತ್ತಿಗೆ, ಮಂಗ ಸತ್ತ ಸುದ್ದಿ ಬಂದ ಮೇಲೆ. ಎಣ್ಣೆ ಆಗಲೂ ಬೇಕು, ಸರಿ. ಆದರೆ ಕೊಟ್ಟಿಗೆಯಲ್ಲಿ ಉಣುಗಿನ ಔಷಧಿ ಹಾಕಬೇಕಾದ್ದು ಜೂನ್, ಜುಲೈನಲ್ಲಿ, ಯಾರಿಗೂ ಜ್ವರ ಇಲ್ಲದಾಗ. ಆ ಕೆಲಸ ಪಶುವೈದ್ಯರದ್ದು. ದರಗಿಗೆ ಬದಲಿ ಹುಡುಕುವುದು ತೋಟಗಾರಿಕೆಯವರದ್ದು. ಮುಂದಿನ ಸಭೆಯನ್ನು ಮಳೆಗಾಲಕ್ಕೆ ಮೊದಲೇ ಕರೆಯಿರಿ, ಇವರಿಬ್ಬರನ್ನೂ ಆರೋಗ್ಯ ಇಲಾಖೆಯ ಪಕ್ಕದಲ್ಲೇ ಕೂರಿಸಿ.